ಹಿಂಗಾರಿನ ಹಿತ್ತಲು, ಸಂಜೆಯ ಕೌದಿ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಈ ದಿನಗಳಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತಿರುತ್ತವೆ. ಹೊಲದ ದುಡಿಮೆಗೆ ಮೈ ಒಗ್ಗದ ಹಿರಿಯರು ಮನೆಯಲ್ಲಿಯೇ ಉಳಿಯುತ್ತಾರೆ. ದಿನವಿಡೀ ಕಟ್ಟೆಯ ಮೇಲೆ ಕುಳಿತವರ ಕೀಲುಗಳು ಚಳಿಗೆ ಇನ್ನಷ್ಟು ಬಿಗಿಯುತ್ತವೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿತ್ತಲಿನ ನಾಲ್ಕು ಮಡಿಗಳು ಎರಡಕ್ಕೂ ನೆರವಾಗುತ್ತವೆ.

ಮೆಂತೆ, ಕೊತ್ತಂಬರಿ, ಪಾಲಕ, ಮೂಲಂಗಿ, ಗಜ್ಜರಿ ಈ ತಂಪಿಗೆ ಚೆನ್ನಾಗಿ ಬರುತ್ತವೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೆಂತೆ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಎರೆಮಣ್ಣು ಒಣಗಿದರೆ ಬಿರಿಯುವುದರಿಂದ ಸಾಲುಗಳ ನಡುವೆ ಕಡಲೆಹೊಟ್ಟು ಹರವಿದರೆ ನೀರು ಉಳಿಯುತ್ತದೆ. ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೂಲಂಗಿ, ಮೆಂತೆಗೆ ಬಚ್ಚಲ ನೀರು ಹರಿಸಬಾರದು. ತಿನ್ನುವ ಮುನ್ನ ಎರಡು-ಮೂರು ನೀರಿನಲ್ಲಿ ತೊಳೆಯಬೇಕು.

ನಾವು ಒತ್ತಿ ಹೇಳಬೇಕಾದುದು ಪಾದಗಳ ವಿಷಯ. ಮಣ್ಣಿಗೆ ಬರಿಗಾಲಿನಲ್ಲಿ ಇಳಿಯುವುದು ನಮ್ಮವರ ರೂಢಿ. ಆದರೆ ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂದವಾಗುತ್ತವೆ. ಜಾಲಿಮುಳ್ಳು ನಟ್ಟರೂ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿದ್ದ ಗಾಯ ಒಳಗೊಳಗೇ ಕೀತು, ಕೊನೆಗೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾದ ಸ್ಥಿತಿ ಬರಬಹುದು. ಈ ಋತುವಿನ ಒಣಗಾಳಿಗೆ ಹಿಮ್ಮಡಿ ಬಿರಿಯುವುದರಿಂದ ಅಪಾಯ ಇಮ್ಮಡಿ. ಆದುದರಿಂದ ಸಕ್ಕರೆ ಕಾಯಿಲೆಯವರು ಬೆರಳು ಮುಚ್ಚುವ ಪಾದರಕ್ಷೆ ಧರಿಸಿಯೇ ಹಿತ್ತಲಿಗೆ ಇಳಿಯಬೇಕು. ಸಂಜೆ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂಜಾದವರಿಗೆ ಸೊಸೆಯೋ ಮೊಮ್ಮಕ್ಕಳೋ ನೋಡಿ ಹೇಳಲಿ, ಇದರಲ್ಲಿ ಸಂಕೋಚವೇನು? ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳ ಸಂದುಗಳಿಗೆ ಬೇಡ. ಗಾಯ ಕಂಡರೆ ಅರಿಷಿಣ ಮೆತ್ತಿ ಕಾಯುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದೂ ಕೇಳಬೇಕು.

ಕಾಂಗ್ರೆಸ್ ಕಸವನ್ನು ಬರಿಗೈಯಿಂದ ಕೀಳಬಾರದು. ಅದು ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ತಿಕ್ಕಿದರೆ ಡೆಂಗಿ ಸೊಳ್ಳೆ ಬೆಳೆಯದು.

ಹೊತ್ತು ಮುಳುಗಿದ ಬಳಿಕ ಕೈಗೆ ಕೌದಿಗಿಂತ ಒಳ್ಳೆಯ ಕೆಲಸ ನಮಗೆ ತೋಚದು. ಹಳೆಯ ನೂಲಿನ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಸಾಲುಹೊಲಿಗೆ ಹಾಕುತ್ತ ಹೋದಂತೆ ಬೆರಳುಗಳು ಸಡಿಲವಾಗುತ್ತವೆ, ಮನಸ್ಸು ಒಂದೆಡೆ ನಿಲ್ಲುತ್ತದೆ. ಮಗ್ಗದ ಊರಾದ ಬೆಟಗೇರಿಯವರಿಗೆ ನೂಲಿನ ಈ ಸಹವಾಸ ಹೊಸದಲ್ಲ. ಹೊಲಿಗೆ ಬಾರದ ಗಂಡಸರು ವಚನಗಳನ್ನು ದುಂಡಗೆ ಬರೆದಿಡಬಹುದು. ಬೆಳಕು ಚೆನ್ನಾಗಿರಲಿ, ಕನ್ನಡಕ ಕಣ್ಣಿನ ಮೇಲಿರಲಿ. ಅರ್ಧ ತಾಸಿಗೊಮ್ಮೆ ಎದ್ದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಕಾಲು ಬಾವು ಬರುವುದು ಕಡಿಮೆ. ಸಕ್ಕರೆ ಕಾಯಿಲೆಯವರು ಹೊಲಿಯುವಾಗ ಬೆರಳಿಗೆ ಅಂಗುಸ್ತಾನ ತೊಡಬೇಕು, ಎದ್ದೇಳುವ ಮುನ್ನ ಸೂಜಿಗಳನ್ನು ಎಣಿಸಿ ಡಬ್ಬಿಯಲ್ಲಿಡಬೇಕು.