ಸೊಂಟನೋವು ಮತ್ತು ‘ಸವೆದ’ ಬೆನ್ನೆಲುಬು

ಸೊಂಟನೋವೆಂದು ವೈದ್ಯರಲ್ಲಿಗೆ ಬರುವ ಅನೇಕರ ಕೈಯಲ್ಲಿ ಈಗ ಎಂ.ಆರ್.ಐ. ಚಿತ್ರಗಳ ದೊಡ್ಡ ಲಕೋಟೆ ಇರುತ್ತದೆ. ‘ಡಿಸ್ಕ್ ಸವೆದಿದೆ’, ‘ಡಿಸ್ಕ್ ಉಬ್ಬಿದೆ’ ಎಂಬ ವರದಿಯನ್ನು ಓದಿದ ಮೇಲೆ ನೋವಿಗಿಂತ ಭಯವೇ ಮಿಗಿಲಾಗುತ್ತದೆ. ಬಗ್ಗಿದರೆ ಏನಾದೀತೋ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಡಿಸ್ಕ್ ಜಾರೀತೋ ಎಂಬ ಚಿಂತೆ. ಉದ್ಯೋಗಕ್ಕಾಗಿ ಊರು ಬಿಟ್ಟು ಮುಂಬಯಿ ಸೇರಿದವರಿಗೆ ದುಡಿಯುವ ಮೈಯೇ ಆಸ್ತಿಯಾದುದರಿಂದ ಈ ಚಿಂತೆ ಸಹಜವೇ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಆಧಾರವಿಲ್ಲ.

ನಡುವಿನ ಭಾಗದಲ್ಲಿರುವ 5 ಕಶೇರುಮಣಿಗಳ ನಡುನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಹೊರಗೆ ಗಟ್ಟಿ ನಾರಿನ ಪದರಗಳು, ಒಳಗೆ ಲೋಳೆಯಂಥ ತಿರುಳು. ಮೇಲಿನ ಮತ್ತು ಕೆಳಗಿನ ಎಲುಬುಗಳಿಗೆ ಭದ್ರವಾಗಿ ಬೆಸೆದುಕೊಂಡಿರುವ ಇದು ಒದ್ದೆಯಾದ ಸಾಬೂನಿನಂತೆ ಜಾರಿಹೋಗುವ ವಸ್ತುವಲ್ಲ. ‘ಸ್ಲಿಪ್ ಡಿಸ್ಕ್’ ಎಂಬ ಹೆಸರೇ ಜನರನ್ನು ಅರ್ಧ ಹೆದರಿಸಿದೆ. ಕೆಲವೊಮ್ಮೆ ಹೊರಪದರ ಬಿರಿದು ತಿರುಳು ಚಾಚಿಕೊಂಡು ನರಕ್ಕೆ ತಾಗುವುದುಂಟು. ಆಗ ನೋವು ಕಾಲಿಗಿಳಿಯುತ್ತದೆ. ಚಾಚಿದ ಆ ಭಾಗವನ್ನೂ ಎಷ್ಟೋ ಜನರಲ್ಲಿ ದೇಹವೇ ಕೆಲವು ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ.

1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ತೆಗೆಯಲಾಯಿತು. ಅವರಲ್ಲಿ ಶೇ. 64ರಷ್ಟು ಜನರ ಒಂದಿಲ್ಲೊಂದು ಡಿಸ್ಕಿನಲ್ಲಿ ವ್ಯತ್ಯಾಸವಿತ್ತು! ವಯಸ್ಸಾದಂತೆ ಕೂದಲು ನರೆಯುತ್ತದೆ, ಡಿಸ್ಕ್ ಸವೆಯುತ್ತದೆ. ನರೆಯನ್ನು ನಾವು ರೋಗವೆನ್ನುವುದಿಲ್ಲ.

ಹಾಗೆಂದು ನೋವು ಭ್ರಮೆಯಲ್ಲ. ಸ್ನಾಯು ಉಳುಕಿದರೂ ಸೊಂಟ ಹಿಡಿದುಕೊಂಡು ಏಳಲಾಗದಂತಾಗುತ್ತದೆ. ನಿದ್ರೆಗೇಡು, ಚಿಂತೆಗಳು ಅದೇ ನೋವನ್ನು ಇಮ್ಮಡಿಗೊಳಿಸುತ್ತವೆ. ಆಗ ನಮ್ಮ ಹಿರಿಯರು ಹೇಳುವುದು ಒಂದೇ ಮಾತು: ಹಲಗೆಯ ಮೇಲೆ ಮಲಗು. ವೈದ್ಯರೂ ಒಂದು ಕಾಲದಲ್ಲಿ ಇದನ್ನೇ ವಿಧಿಸುತ್ತಿದ್ದರು. 1995ರಲ್ಲಿ ಹೆಲ್ಸಿಂಕಿಯ ಸಂಶೋಧಕರು ಹೋಲಿಸಿ ನೋಡಿದಾಗ, ಹಾಸಿಗೆ ಹಿಡಿದವರಿಗಿಂತ ನೋವು ಸಹಿಸುವಷ್ಟರ ಮಟ್ಟಿಗೆ ನಿತ್ಯದ ಕೆಲಸದಲ್ಲಿ ತೊಡಗಿದವರೇ ಬೇಗ ಚೇತರಿಸಿಕೊಂಡಿದ್ದರು.

ಆದುದರಿಂದ ನೋವು ತೀವ್ರವಾಗಿರುವ ಒಂದೆರಡು ದಿನ ಬೇಕೆನಿಸಿದಾಗ ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಿರಿ. ಆದರೆ ಆಗಾಗ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿರಿ. ಬಿಸಿನೀರಿನ ಶಾಖ ಹಿತಕರ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಕಚೇರಿಯಲ್ಲಿ ಕುಳಿತೇ ಇರುವವರು ಅರ್ಧ ಗಂಟೆಗೊಮ್ಮೆ ಏಳಲಿ. ಹೋಟೆಲಿನ ಒಲೆಯ ಮುಂದೆ ನಿಂತೇ ಇರುವವರು ಒಂದು ಕಾಲನ್ನು ಸಣ್ಣ ಮಣೆಯ ಮೇಲಿಟ್ಟು ಬದಲಾಯಿಸುತ್ತಿರಲಿ. ತುಂಬಿದ ಬಕೆಟ್ಟಿನ ಬದಲು ಎರಡು ಅರ್ಧ ಬಕೆಟ್ಟು ಎತ್ತಿದರೆ ಸಾಕು, ಎತ್ತುವುದನ್ನೇ ಬಿಡಬೇಕಿಲ್ಲ. ಬಹುತೇಕ ಜನರಿಗೆ ಆರು ವಾರಗಳೊಳಗೆ ಸಾಕಷ್ಟು ಗುಣ ಕಾಣುತ್ತದೆ. ನೋವು ಮತ್ತೊಮ್ಮೆ ಮರುಕಳಿಸಿದರೆ ಬೆನ್ನು ಇನ್ನಷ್ಟು ಹಾಳಾಯಿತೆಂದು ತಿಳಿಯಬೇಕಾಗಿಲ್ಲ.

ಧೈರ್ಯವೆಂದರೆ ಉದಾಸೀನವಲ್ಲ. ಮೂತ್ರ ಕಟ್ಟುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಗುದದ ಸುತ್ತಲೂ ತೊಡೆಯ ಸಂದಿಯಲ್ಲೂ ಜೋಮು ಹಿಡಿಯುವುದು, ಕಾಲುಗಳ ಶಕ್ತಿ ಕುಂದುವುದು—ಇವು ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವೃದ್ಧಾಪ್ಯದಲ್ಲಿ ಬಿದ್ದ ಮೇಲೆ ಬಂದ ನೋವು ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವಿಗೂ ಬೇಗನೆ ತಪಾಸಣೆ ಅಗತ್ಯ. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನೂ ಮರೆಯುವಂತಿಲ್ಲ: ಸಂಜೆಯ ಜ್ವರ, ತೂಕದ ಇಳಿಕೆ, ಮಲಗಿದರೂ ತಗ್ಗದ ನೋವು ಅದರ ಸೂಚನೆಯಾಗಬಹುದು. ಇಂಥ ಸಂದರ್ಭಗಳಲ್ಲಿ ಎಂ.ಆರ್.ಐ. ನಿಜಕ್ಕೂ ಉಪಯುಕ್ತ, ವೈದ್ಯರು ಹೇಳಿದರೆ ತಡಮಾಡದೆ ತೆಗೆಸಿರಿ.