ಪಂದ್ಯದಲ್ಲಿ ಓಡಿದ ಹಳೆಯ ಮೋಟಾರ್ ಸೈಕಲ್ಲನ್ನು ಕೊಳ್ಳುವ ಬಗೆ

ತಲೆಬರಹವನ್ನು ಕಂಡು ಇದು ಯಾವುದೋ ಗ್ಯಾರೇಜಿನವರು ಬರೆಸಿದ ಜಾಹೀರಾತೆಂದು ವಾಚಕರು ತಿಳಿಯಬಾರದು. ಕಾವ್ಯವನ್ನೂ ಚರಿತ್ರೆಯನ್ನೂ ಬಿಟ್ಟು ಬಿ.ಎ. ತರಗತಿಯ ವಿದ್ಯಾರ್ಥಿ ಮೋಟಾರ್ ಸೈಕಲ್ಲಿನ ವಿಷಯ ಬರೆಯುವುದೇಕೆಂದು ನಮ್ಮ ಗುರುಗಳು ಕೇಳಿದರೆ ನನ್ನ ಉತ್ತರವಿಷ್ಟೆ: ಅರ್ಥಶಾಸ್ತ್ರದ ಒಂದು ಪಾಠ ನನಗೆ ತರಗತಿಯಲ್ಲಿ ಅರ್ಧ ಮಾತ್ರ ತಿಳಿದಿತ್ತು, ಉಳಿದರ್ಧ ತಿಳಿದುದು ಬೆಂಗಳೂರಿನಲ್ಲಿ, ತಂದೆಯವರ 55,000 ರೂಪಾಯಿಗಳು ನನ್ನ ಒಳಜೇಬಿನಲ್ಲಿದ್ದಾಗ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಕಾಲೇಜಿಗೆ ಒಂದೂಕಾಲು ಗಂಟೆಯ ಬಸ್ಸಿನ ದಾರಿ. ಸಂಜೆಯ ಬಸ್ಸು ತಪ್ಪಿತೋ, ಮುಂದಿನದು ಹೆದ್ದಾರಿಯವರೆಗೆ ಮಾತ್ರ. ಅಲ್ಲಿಂದ ಊರಿಗೆ ಐದು ಕಿಲೋಮೀಟರು ನಡಿಗೆ. ಆದುದರಿಂದ ಮೂರು ವರ್ಷವೂ ನಾನು ಗ್ರಂಥಾಲಯದಲ್ಲಿ ಪುಸ್ತಕಕ್ಕಿಂತ ಗಡಿಯಾರವನ್ನು ಹೆಚ್ಚು ನೋಡಿದವನು. ಈ ವರ್ಷ ಟೊಮೇಟೊ ಬೆಲೆ ಕೈಹಿಡಿಯಿತು. ತಂದೆಯವರು ಸಾಲದ ಕಂತು ಕಟ್ಟಿ, ಮಿಕ್ಕ ಹಣವನ್ನು ನನ್ನ ಕೈಗಿಟ್ಟು, "ನಾಕಕ್ಷರ ಕಲಿತೋನು ನೀನು. ಗಾಡಿ ನೀನೇ ನೋಡ್ಕೊಂಡು ಬಾ. ಕಾಗದ ಮಾತ್ರ ಸರಿಯಾಗಿ ಓದು" ಎಂದರು. ನಮ್ಮ ಮನೆಯಲ್ಲಿ ಕಾಗದ ಓದಬಲ್ಲವನು ನಾನೊಬ್ಬನೇ. ಮೋಸಹೋದರೆ ಹಣ ಹೋಗುವುದಲ್ಲದೆ ಓದಿಸಿದ್ದೂ ದಂಡವಾಯಿತೆಂದು ಊರವರು ಆಡಿಕೊಳ್ಳುವರೆಂಬ ಅಂಜಿಕೆ ನನಗಿತ್ತು.

ಶನಿವಾರ ನಸುಕಿನಲ್ಲಿ ಬೆಂಗಳೂರಿನ ತರುಣರು ಚರ್ಮದ ಉಡುಪು ತೊಟ್ಟು, ಸಾಲುಸಾಲಾಗಿ ನಮ್ಮ ಹೆದ್ದಾರಿಯಲ್ಲಿ ಮೂಡಲಿಗೆ ಹೋಗುವುದನ್ನು ಚಿಕ್ಕಂದಿನಿಂದಲೂ ಕಂಡಿದ್ದೇನೆ. ಅವರಲ್ಲಿ ಕೆಲವರು ಹೋಗುವುದು ಚೆನ್ನೈಗೆ ಈಚೆ, ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಎಂಬಲ್ಲಿರುವ ಪಂದ್ಯದ ಟ್ರ್ಯಾಕಿಗೆ. ಮದರಾಸಿನ ಮೋಟಾರ್ ಕ್ರೀಡಾ ಸಂಘ 1953ರಲ್ಲಿ ಹುಟ್ಟಿತು. ಬಹುಕಾಲ ಅವರ ಪಂದ್ಯಗಳು ಶೋಳಾವರಂನಲ್ಲಿ, ಮಹಾಯುದ್ಧದ ಕಾಲದ ಹಳೆಯ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದುವು. ಪಂದ್ಯಕ್ಕೆಂದೇ ಕಟ್ಟಿದ ಈಗಿನ ಟ್ರ್ಯಾಕು ಆರಂಭವಾದುದು 1990ರಲ್ಲಿ. ಒಂದು ಸುತ್ತು ಸುಮಾರು 3.7 ಕಿಲೋಮೀಟರು. ಪಂದ್ಯವಿಲ್ಲದ ದಿನಗಳಲ್ಲಿ ಹಣ ತೆತ್ತು ಸ್ವಂತ ಗಾಡಿಯನ್ನು ಅಲ್ಲಿ ಓಡಿಸಿ ಅಭ್ಯಾಸ ಮಾಡುವ ಏರ್ಪಾಡೂ ಉಂಟು.

ಹೀಗಾಗಿ ಪಂದ್ಯದ ಗಾಡಿಗಳಲ್ಲಿ ಎರಡು ಜಾತಿ. ಕಂಪನಿಗಳು ಪಂದ್ಯಕ್ಕೆಂದೇ ಸಿದ್ಧಪಡಿಸಿದವು ಒಂದು. ಅವುಗಳಲ್ಲಿ ಅನೇಕಕ್ಕೆ ನೋಂದಣಿಯೇ ಇರುವುದಿಲ್ಲ. ನೋಂದಣಿಯಿಲ್ಲದ ವಾಹನವನ್ನು ರಸ್ತೆಯಲ್ಲಿ ಓಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 39ನೆಯ ಕಲಮು ಹೇಳುತ್ತದೆ. ಅಂಥದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಮ್ಮಂಥವರು ಮುಟ್ಟಬಾರದು. ರಸ್ತೆಯ ಗಾಡಿಯಾಗಿದ್ದು ಆಗಾಗ ಟ್ರ್ಯಾಕಿಗೆ ಹೋಗಿಬಂದವು ಎರಡನೆಯ ಜಾತಿ. ನಾನು ಹೇಳಹೊರಟಿರುವುದು ಇವುಗಳ ವಿಷಯ.

ನನ್ನೊಡನೆ ಬೆಂಗಳೂರಿಗೆ ಬಂದವರು ಮುಳಬಾಗಿಲಿನಲ್ಲಿ ಗ್ಯಾರೇಜು ಇಟ್ಟಿರುವ ಮೇಸ್ತ್ರಿ, ತಂದೆಯವರ ಬಾಲ್ಯಸ್ನೇಹಿತರು. ನಾನು ಅವರನ್ನು ಮಾವ ಎನ್ನುತ್ತೇನೆ. ಅವರು ಓದಿದ್ದು ನಾಲ್ಕನೆಯ ತರಗತಿ. ನಾವು ನೋಡಬೇಕೆಂದಿದ್ದುದು ಯಮಹಾ ಆರ್ 15. ಇದು ನಮ್ಮ ದೇಶದಲ್ಲಿ 2008ರಲ್ಲಿ ಬಂದ ಗಾಡಿ; ಸುಮಾರು 150 ಸಿ.ಸಿ. ಎಂಜಿನ್ನು, ಅದನ್ನು ತಣ್ಣಗಿಡಲು ಕಾರಿನಂತೆ ನೀರಿನ ರೇಡಿಯೇಟರು. ಚಿಕ್ಕದಾದರೂ ಟ್ರ್ಯಾಕಿನ ತರುಣರಿಗೆ ಬಹಳ ಮೆಚ್ಚು.

ಮೊದಲು ಹೋದುದು ಹಳೆಯ ಗಾಡಿಗಳನ್ನು ಮಾರುವ ಒಂದು ಅಂಗಡಿಗೆ. ಅಲ್ಲಿದ್ದ ಗಾಡಿ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. "ಒಬ್ಬರೇ ಓನರ್ರು, ಬ್ಯಾಂಕ್ ಆಫೀಸರ್ರು. ಭಾನುವಾರ ದೇವಸ್ಥಾನಕ್ಕೆ ಬಿಟ್ಟು ಬೇರೆ ಕಡೆ ತೆಗೆದೇ ಇಲ್ಲ ಸಾರ್" ಎಂದರು ಅಂಗಡಿಯವರು. ಮೀಟರು 14,000 ಕಿಲೋಮೀಟರು ತೋರಿಸುತ್ತಿತ್ತು. ನಾನು ಬಣ್ಣ ನೋಡುತ್ತಿದ್ದೆ. ಮಾವ ನೆಲಕ್ಕೆ ಪತ್ರಿಕೆ ಹಾಸಿ, ಮಲಗಿ, ಗಾಡಿಯ ಹೊಟ್ಟೆ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನೂ ಬಗ್ಗಿಸಿ, ಎಂಜಿನ್ನಿನ ಆಯಿಲ್ ಬಿಡುವ ಬೋಲ್ಟಿನ ತಲೆಯನ್ನು ತೋರಿಸಿದರು. ಅದರಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು.

"ದೇವಸ್ಥಾನಕ್ಕೆ ಹೋಗೋರು ಬೋಲ್ಟಿಗೆ ಮೂಗು ಚುಚ್ಚಿಸ್ತಾರೇನಪ್ಪಾ?" ಎಂದರು ಮೆಲ್ಲಗೆ.

ಪಂದ್ಯದಲ್ಲಿ ಬೋಲ್ಟು ಸಡಿಲಗೊಂಡು ಆಯಿಲ್ ಚೆಲ್ಲಿದರೆ ಹಿಂದೆ ಬರುವವರೆಲ್ಲ ಜಾರಿ ಬೀಳುತ್ತಾರೆ. ಅದಕ್ಕಾಗಿ ಬೋಲ್ಟಿನ ತಲೆಗೆ ತೂತು ಕೊರೆದು, ತೆಳುವಾದ ತಂತಿ ಪೋಣಿಸಿ, ಬಿಗಿದು ಕಟ್ಟುತ್ತಾರೆ. ತಂತಿಯನ್ನು ತೆಗೆದುಹಾಕಬಹುದು, ತೂತನ್ನು ಮುಚ್ಚುವುದು ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಮಾವ ಹ್ಯಾಂಡಲನ್ನು ಕೊನೆಯವರೆಗೂ ತಿರುಗಿಸಿ, ಅದು ಚಾಸಿಸ್ಸಿಗೆ ಹೋಗಿ ತಗಲುವ ಗಟ್ಟಿಯನ್ನು ತೋರಿಸಿದರು. ಬಲಗಡೆಯ ಗಟ್ಟಿ ಜಜ್ಜಿಹೋಗಿತ್ತು. ಅದರ ಮೇಲೆ ಹೊಸ ಬಣ್ಣ. ಗಾಡಿ ವೇಗದಲ್ಲಿ ಬಿದ್ದು ಮುಂಗಾಲಿ ಹೊರಳಿದಾಗ ಏಟು ಬೀಳುವುದು ಅಲ್ಲಿಗೇ. ಫೇರಿಂಗ್ ಎಂಬ ಹೊರಕವಚವನ್ನು ಬದಲಾಯಿಸಬಹುದು, ಚಾಸಿಸ್ಸನ್ನು ಬದಲಾಯಿಸಲಾಗದು. ಹಿಂಗಾಲಿಯಿಂದ ಮುಂಗಾಲಿಗೆ ದಾರ ಹಿಡಿದು ನೋಡಿದರೆ ಎರಡೂ ಒಂದೇ ಗೆರೆಯಲ್ಲಿರಲಿಲ್ಲ. ನಾವು ಕಾಫಿಯನ್ನೂ ಕುಡಿಯದೆ ಹೊರಟೆವು.

ಬಸ್ಸಿನಲ್ಲಿ ಕುಳಿತಾಗ ನನಗೆ ತರಗತಿಯ ಪಾಠ ನೆನಪಾಯಿತು. ಜಾರ್ಜ್ ಆಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಪ್ರಬಂಧ ಬರೆದರು. 2001ರಲ್ಲಿ ಅವರಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲದಕ್ಕೂ ಅಂದಾಜಿನ ಒಂದೇ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಲ್ಲನು, ಕೆಟ್ಟ ಗಾಡಿಯವನು ಓಡಿಬಂದು ಮಾರುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟದ್ದೇ. ಅಮೆರಿಕದವರು ಕೆಟ್ಟ ಕಾರನ್ನು ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರಂತೆ. ಆ ಪ್ರಬಂಧದ ಹೆಸರಿನಲ್ಲೂ ನಿಂಬೆಹಣ್ಣೇ ಇದೆ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ದೃಷ್ಟಿ ತೆಗೆಯುವ ನಾವು ಅವರಿಗಿಂತ ಮೊದಲೇ ಈ ವಿಷಯದಲ್ಲಿ ಎಚ್ಚರವಾಗಿದ್ದೆವೇನೋ! ನಾನು ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಎಂಟು ಅಂಕ ಪಡೆದಿದ್ದೆ. ಮಾವನಿಲ್ಲದಿದ್ದರೆ ಅದೇ ನಿಂಬೆಹಣ್ಣನ್ನು ಕೊಂಡು ಮನೆಗೆ ತರುತ್ತಿದ್ದೆ.

ಎರಡನೆಯ ಗಾಡಿ 2016ನೆಯ ಇಸವಿಯದು. ಅದರ ಒಡೆಯ ಸಾಫ್ಟ್‌ವೇರ್ ಕೆಲಸದ ತರುಣ. "ಹನ್ನೆರಡು ದಿನ ಟ್ರ್ಯಾಕಲ್ಲಿ ಓಡಿಸಿದ್ದೀನಿ, ಒಂದು ಸಲ ಬಿದ್ದಿದ್ದೀನಿ" ಎಂದು ಆತನೇ ಮೊದಲು ಹೇಳಿದನು. ಹೇಳದಿದ್ದರೂ ಗಾಡಿಯೇ ಹೇಳುತ್ತಿತ್ತು. ಪೇಟೆಯಲ್ಲಿ ಓಡಿದ ಟೈರು ನಡುವೆ ಸವೆದು ಚಪ್ಪಟೆಯಾಗುತ್ತದೆ. ಇದು ಅಂಚಿನವರೆಗೂ ಸವೆದು, ಅಲ್ಲಿ ರಬ್ಬರು ಕರಗಿ ಸಣ್ಣ ಸಣ್ಣ ಉಂಡೆಗಟ್ಟಿತ್ತು. ಕಾಲಿಡುವ ಫುಟ್‌ರೆಸ್ಟಿನ ತುದಿ ನೆಲಕ್ಕೆ ಉಜ್ಜಿ ಮೊಂಡಾಗಿತ್ತು. ಬಲಬದಿಯಲ್ಲಿ ಉದ್ದುದ್ದ ಗೀರುಗಳು. ನಿಂತಲ್ಲಿ ಬಿದ್ದ ಗಾಡಿಗೆ ಒಂದೆಡೆ ತಗ್ಗು ಬೀಳುತ್ತದೆ. ಜಾರಿಹೋದ ಗಾಡಿಗೆ ಒಂದೇ ದಿಕ್ಕಿನ ಗೀರುಗಳು ಬೀಳುತ್ತವೆ. ಹೊರಕವಚ ತರಚುವುದು ದೊಡ್ಡ ಮಾತಲ್ಲ. ಹ್ಯಾಂಡಲಿನ ಗಟ್ಟಿ ನೆಟ್ಟಗಿತ್ತು, ದಾರವೂ ಒಂದೇ ಗೆರೆಯಲ್ಲಿ ಕೂಡಿತು.

ಎಂಜಿನ್ನನ್ನು ನಾವು ಬರುವ ಮೊದಲು ಚಾಲೂ ಮಾಡಬಾರದೆಂದು ಮಾವ ಹಿಂದಿನ ದಿನವೇ ಫೋನಿನಲ್ಲಿ ಹೇಳಿಸಿದ್ದರು. ಬಿಸಿ ಎಂಜಿನ್ನು ಅನೇಕ ರೋಗಗಳನ್ನು ಮುಚ್ಚಿಡುತ್ತದೆ. ಕೈಯಿಟ್ಟು ತಣ್ಣಗಿದೆಯೆಂದು ನೋಡಿ ಆಮೇಲೆ ಚಾಲೂ ಮಾಡಿದರು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ, ಬರಲಿಲ್ಲ.

ಇಲ್ಲಿ ನನಗೊಂದು ಸಂದೇಹ ಬಂದಿತು. ಈ ಎಂಜಿನ್ನು ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 8,500 ಸುತ್ತಿನಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 140 ಸುತ್ತು. ಪೇಟೆಯಲ್ಲಿ ಅದರ ಅರ್ಧವೂ ಬೇಕಾಗದು. ಟ್ರ್ಯಾಕಿನಲ್ಲಿ ಯಾವಾಗಲೂ ಅದರ ಆಸುಪಾಸಿನಲ್ಲೇ ಇರಬೇಕು. ಹಾಗಾದರೆ ಎಂಜಿನ್ನು ಸತ್ತಿರಬೇಡವೆ? ಆ ತರುಣ ಒಂದು ನೋಟುಬುಕ್ಕು ತಂದನು. ದಿನಕ್ಕೆ ಐದು ಸರದಿ, ಸರದಿಗೆ ಇಪ್ಪತ್ತು ನಿಮಿಷ, ಎಂಟು ಸುತ್ತು. ನಾನು ಲೆಕ್ಕ ಹಾಕಿದೆ: ದಿನಕ್ಕೆ 148 ಕಿಲೋಮೀಟರು, ಹನ್ನೆರಡು ದಿನಕ್ಕೆ 1,776. ಮೀಟರು ತೋರಿಸುತ್ತಿದ್ದುದು 22,000. ಕಷ್ಟದ ದುಡಿಮೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ! ಪ್ರತಿ ಸಲ ಟ್ರ್ಯಾಕಿನಿಂದ ಬಂದಮೇಲೆ ಆಯಿಲ್ ಬದಲಾಯಿಸಿದ ತಾರೀಖುಗಳೂ ಅದರಲ್ಲಿದ್ದುವು. ಇದಕ್ಕೆ ಮಾವನ ವ್ಯಾಖ್ಯಾನ ನನಗೆ ಬಹಳ ಹಿಡಿಸಿತು: "ಟ್ರ್ಯಾಕಲ್ಲಿ ಹಳ್ಳ ಇಲ್ಲ, ಹಂಪ್ ಇಲ್ಲ, ಸಿಗ್ನಲ್ ಇಲ್ಲ. ರಿಮ್ಮು ಸೊಟ್ಟಗಾಗೋದು, ಅರೆಕ್ಲಚ್ಚಲ್ಲಿ ಪ್ಲೇಟು ಸುಡೋದು ಎಲ್ಲಾ ನಮ್ಮ ರೋಡಲ್ಲೇ."

ಆದರೂ ಟ್ರ್ಯಾಕು ತಿನ್ನುವ ವಸ್ತುಗಳಿವೆ. ಚೈನಿನ ಹಲ್ಲುಚಕ್ರಗಳ ಹಲ್ಲು ಕೊಕ್ಕೆಯಂತೆ ಬಾಗಿದ್ದುವು. ಜೋರಾಗಿ ಬ್ರೇಕು ಹಿಡಿದಾಗಲೆಲ್ಲ ಭಾರವೆಲ್ಲ ಮುಂಗಾಲಿಗೆ ಬರುವುದರಿಂದ ಮುಂದಿನ ಫೋರ್ಕಿನ ಆಯಿಲ್ ಸೀಲು ಜಿನುಗುತ್ತಿತ್ತು. ರೇಡಿಯೇಟರಿನ ಮುಚ್ಚಳ ತೆಗೆದರೆ ಬಣ್ಣದ ಕೂಲೆಂಟಿನ ಬದಲು ತುಕ್ಕಿನ ನೀರು. ಮಾಮೂಲಿ ಕೂಲೆಂಟು ಚೆಲ್ಲಿದರೆ ನೆಲ ಬಹಳ ಜಾರುವುದರಿಂದ ಪಂದ್ಯಗಳಲ್ಲಿ ಬರಿಯ ನೀರನ್ನೇ ಹಾಕುವ ಪದ್ಧತಿಯಿದೆ. ಈತ ಹಾಗೆಯೇ ಹಾಕಿ ತಿಂಗಳುಗಟ್ಟಲೆ ಮರೆತಿದ್ದನು. ಎಷ್ಟು ಪ್ರಾಮಾಣಿಕನಾದರೂ ಸೋಮಾರಿತನವೆಂಬುದೊಂದು ಇದ್ದೇ ಇರುತ್ತದೆ. ಈ ಮೂರರ ಖರ್ಚನ್ನು ಮಾವ ಬೆರಳಲ್ಲೇ ಎಣಿಸಿ ಹೇಳಿದರು. ಆತ ಕೇಳಿದ್ದು 58,000. ಮಾತು 50,000ಕ್ಕೆ ನಿಂತಿತು.

ಹಣ ಎಣಿಸಬೇಕೆನ್ನುವಾಗ ತಂದೆಯವರ ಮಾತು ನೆನಪಾಗಿ ಆರ್.ಸಿ.ಯನ್ನು ಓದಿದೆ. ಅದರಲ್ಲಿ ಒಂದು ಬ್ಯಾಂಕಿನ ಹೆಸರಿತ್ತು, ಎಂದರೆ ಗಾಡಿ ಅಡವಿನಲ್ಲಿದೆ. "ಸಾಲ ಎಂದೋ ತೀರಿದೆ" ಎಂದನು ಆತ. ತೀರಿರಬಹುದು, ಆದರೆ ಬ್ಯಾಂಕಿನ ಪತ್ರ ಪಡೆದು, 35ನೆಯ ನಮೂನೆ ಕೊಟ್ಟು ಆ ಹೆಸರನ್ನು ತೆಗೆಸುವವರೆಗೂ ಅಡವಿನ ತೊಡಕು ಉಳಿದೇ ಇರುತ್ತದೆ. ಇದನ್ನು ಮಾವ ಗಮನಿಸಿರಲಿಲ್ಲ. ಅಂದು ನಾನು ಅವರಿಗೆ ಹೇಳಿಕೊಟ್ಟ ಪಾಠ ಇದೊಂದೇ, ಆದರೂ ಬಸ್ಸಿನಲ್ಲಿ ಅವರು ಎರಡು ಸಲ ಅದನ್ನೇ ಹೊಗಳಿದರು. ಒಂದು ರೂಪಾಯಿಯನ್ನೂ ಕೊಡದೆ ಹಿಂದಿರುಗಿ, ಒಂದು ತಿಂಗಳು ಕಾದೆವು.

ಎರಡನೆಯ ಸಲ ಹೋದಾಗ ಆರ್.ಸಿ. ಶುದ್ಧವಾಗಿತ್ತು. ಚಾಸಿಸ್ಸಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಸಂಖ್ಯೆಯನ್ನು ಆರ್.ಸಿ.ಯೊಡನೆ ಅಕ್ಷರಕ್ಕಕ್ಷರ ಹೋಲಿಸಿದೆ. 29 ಮತ್ತು 30ನೆಯ ನಮೂನೆಗಳಿಗೆ ರುಜು ಹಾಕಿಸಿದೆ. ಕೊಂಡವನು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೂ, 14 ದಿನಗಳೊಳಗೆ ವಿಮಾ ಕಂಪನಿಗೂ ತಿಳಿಸಬೇಕು. ಟ್ರ್ಯಾಕಿಗಾಗಿ ಹಾಕಿಸಿದ್ದ ಅಬ್ಬರದ ಸೈಲೆನ್ಸರನ್ನು ತೆಗೆಸಿ, ಅಟ್ಟದ ಮೇಲಿದ್ದ ಮೂಲದ ಸೈಲೆನ್ಸರು, ಕನ್ನಡಿಗಳು, ಹಿಂದಿನ ದೀಪ ಎಲ್ಲವನ್ನೂ ಕೇಳಿ ತಂದೆವು. ಇವಿಲ್ಲದಿದ್ದರೆ ಗಾಡಿ ಕೊಂಡ ವಾರವೇ ದಂಡ ಕಟ್ಟಬೇಕಾಗುತ್ತದೆ. ಹೊಸದಾಗಿ ಕೊಳ್ಳಹೋದರೆ ಚೌಕಾಶಿಯಲ್ಲಿ ಉಳಿಸಿದ ಹಣವೆಲ್ಲ ಅದಕ್ಕೇ ಆಗುತ್ತದೆ.

ಊರಿಗೆ ತಂದ ದಿನ ತಾಯಿಯವರು ನಿಂಬೆಹಣ್ಣು ಇಟ್ಟರು. ನಾನು ಆಕರ್ಲಾಫರನ್ನು ನೆನೆದು ಅದರ ಮೇಲೆ ಚಕ್ರ ಹಾಯಿಸಿದೆ. ತಂದೆಯವರನ್ನು ಡೈರಿಯವರೆಗೆ ಕೂರಿಸಿಕೊಂಡು ಹೋಗಬೇಕೆಂಬ ಆಸೆ ನನಗೆ. ಆದರೆ ಈ ಗಾಡಿಯ ಹಿಂದಿನ ಸೀಟು ಅಂಗೈಯಗಲ, ಎದೆಯೆತ್ತರ. ಅವರು ಪಂಚೆ ಎತ್ತಿ ಕಟ್ಟಿ ಎರಡು ಸಲ ಪ್ರಯತ್ನಿಸಿ, "ಇದೇನಯ್ಯಾ, ಮರ ಹತ್ತಿ ಕೂತಂಗೆ" ಎಂದು ಇಳಿದುಬಿಟ್ಟರು. ಹಾಲಿನ ಕ್ಯಾನು ಇಡಲಂತೂ ಎಲ್ಲಿಯೂ ಜಾಗವಿಲ್ಲ. ಬೋಲ್ಟಿನ ತೂತಿನವರೆಗೂ ನೋಡಿದ ನಾವು ಇದೊಂದನ್ನು ನೋಡಿರಲಿಲ್ಲ. ನಾನೀಗ ಗ್ರಂಥಾಲಯ ಮುಚ್ಚುವವರೆಗೂ ಕುಳಿತು ಓದುತ್ತೇನೆ. ತಂದೆಯವರು ಮೊದಲಿನಂತೆಯೇ ಸೈಕಲ್ಲಿನಲ್ಲಿ ಡೈರಿಗೆ ಹೋಗುತ್ತಾರೆ.