ಹಂಬನ್‌ತೋಟದ ಬಂದರು

ಮಕ್ಕಳೇ, ಹಂಬನ್‌ತೋಟವು ಶ್ರೀಲಂಕಾದ ದಕ್ಷಿಣ ತೀರದ ಒಂದು ಊರು. ಅದರ ಸಮೀಪದ ಸಮುದ್ರಮಾರ್ಗದಲ್ಲಿ ದಿನವೂ ಅನೇಕ ಹಡಗುಗಳು ಸಾಗುತ್ತವೆ. ಅವು ಇಲ್ಲಿ ತಂಗಿದರೆ ಜನರಿಗೆ ಕೆಲಸ ಸಿಗುವುದೆಂದು ಸರಕಾರವು ಬಂದರು ಕಟ್ಟಲು ತೀರ್ಮಾನಿಸಿತು. ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ಚೀನಾದ ಬ್ಯಾಂಕು ಸಾಲ ಕೊಟ್ಟಿತು. ಚೀನಾದ ಕಂಪನಿಯವರೇ ಬಂದರು ಕಟ್ಟಿದರು.

2010ರಲ್ಲಿ ಬಂದರು ಆರಂಭವಾಯಿತು. ಆದರೆ ನಿರೀಕ್ಷಿಸಿದಷ್ಟು ಹಡಗುಗಳು ಬರಲಿಲ್ಲ; ನಷ್ಟವಾಯಿತು. ಶ್ರೀಲಂಕಾಕ್ಕೆ ಬೇರೆ ಕಡೆಯ ಸಾಲಗಳೂ ಇದ್ದವು. 2017ರಲ್ಲಿ ಬಂದರನ್ನು ನಡೆಸುವ ಹಕ್ಕನ್ನು ಚೀನಾದ ಕಂಪನಿಯೊಂದಕ್ಕೆ 99 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಗುತ್ತಿಗೆಯ ಹಣ ಸಿಕ್ಕಿತು. ಬಂದರಿನ ಸಾಲ ಹಾಗೆಯೇ ಉಳಿಯಿತು.

ಸಾಲ ಮಾಡುವುದೇ ತಪ್ಪಲ್ಲ. ರಸ್ತೆ, ರೈಲು, ಬಂದರುಗಳಿಗೆ ಹಣ ಬೇಕು. ಆದರೆ ತೀರಿಸುವ ದಾರಿಯನ್ನು ಮೊದಲೇ ಯೋಚಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಮನೆಗೂ ಸರಿ, ದೇಶಕ್ಕೂ ಸರಿ.

ಯೋಚಿಸಿ ಹೇಳಿರಿ: ಆ ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ? ಆಗ ನಿಮ್ಮ ವಯಸ್ಸು ಎಷ್ಟಾಗಿರುತ್ತದೆ?